ಹೊನ್ನವಳ್ಳಿ ತೋಟದ ಕೆಂಗಣ್ಣಿನ ಚಿಟ್ಟೆಯವರ ಸನ್ನಿಧಾನಕ್ಕೆ

ಮಾನ್ಯರೇ,

ತಿಪಟೂರಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡು, ಬಿಡುವು ಸಿಕ್ಕಾಗಲೆಲ್ಲ ಚಿಟ್ಟೆಗಳ ಫೋಟೋ ತೆಗೆದು ಹೆಸರು ಹುಡುಕುವ ಹುಚ್ಚು ಹಿಡಿಸಿಕೊಂಡಿರುವ ಉಮರ್ ಫಾರೂಖನ ಸಲಾಮುಗಳು. ತಾವೂ ತಮ್ಮ ಕುಟುಂಬದವರೂ ಈ ಬಿರುಬೇಸಿಗೆಯಲ್ಲಿ ತೆಂಗಿನ ಸಸಿಗಳ ಗರಿ ತಿಂದುಕೊಂಡು ಆರೋಗ್ಯವಾಗಿದ್ದೀರೆಂದು, ತೋಟದ ಮಾಲೀಕರೂ ನನ್ನ ಗೆಳೆಯರೂ ಆದ ರಂಗರಾಜು ಅವರ ಬೈಗುಳಗಳಿಂದ ತಿಳಿದು ಸಂತೋಷವಾಯಿತು.

ತಾವಿನ್ನೂ ಹುಳುವಾಗಿ, ಮೈತುಂಬ ಬಿಳಿ ಪುಡಿ ಬಳಿದುಕೊಂಡು, ಗರಿಯನ್ನು ಸುರುಳಿ ಸುತ್ತಿ ಒಳಗೆ ಕೂತಿದ್ದಾಗ ರಂಗರಾಜು ಪಂಪಿಗೆ ಔಷಧಿ ತುಂಬಿಕೊಂಡು ನಿಂತಿದ್ದರು. ಅಡ್ಡ ಹೋದವನು ನಾನು. ಇದರಿಂದ ಕೆಂಪು ಕಣ್ಣಿನ ದೊಡ್ಡ ಚಿಟ್ಟೆ ಬರುತ್ತದೆ, ಅದರ ಒಂದೇ ಒಂದು ಒಳ್ಳೆಯ ಫೋಟೋ ತೋರಿಸುತ್ತೇನೆ, ತೋರಿಸದಿದ್ದರೆ ನಾನೇ ಪಂಪು ಹೊತ್ತು ಔಷಧಿ ಹೊಡೆಯುತ್ತೇನೆ ಎಂದು ಮಾತು ಕೊಟ್ಟೆ. “ಆಯ್ತು ಬುಡಿ ಸಾಬ್ರೇ, ಫೋಟೋ ಬರ್ಲಿ, ಆಮ್ಯಾಕೆ ನೋಡಾನ” ಎಂದರು. ಅಂದಿನಿಂದ ತಮ್ಮ ವಂಶದ ಪ್ರಾಣ ನನ್ನ ಮೊಬೈಲಿನಲ್ಲಿತ್ತು.

ಬೇರೆ ಚಿಟ್ಟೆಗಳಂತೆ ತಾವೂ ಹಾಡುಹಗಲಲ್ಲಿ ಹೂವಿನ ಮೇಲೆ ರೆಕ್ಕೆ ಬಿಚ್ಚಿ ಕೂರಬಹುದಿತ್ತು. ಆದರೆ ಹಗಲೆಲ್ಲ ಗರಿಯ ಮರೆಯಲ್ಲಿ ವಿಶ್ರಮಿಸಿ, ಸೂರ್ಯ ಮುಳುಗಿದ ಮೇಲಷ್ಟೇ ಸಂಚಾರ ಹೊರಡುವ ತಮ್ಮ ನಾಚಿಕೆ ಸ್ವಭಾವವನ್ನು ಎಷ್ಟು ಹೊಗಳಿದರೂ ಸಾಲದು. ಅದು ಸರಿಯಾಗಿ ನನ್ನ ಸಂಜೆ ನಮಾಜಿನ ಹೊತ್ತು. ಮುಗಿಸಿ ಏಳುವಷ್ಟರಲ್ಲಿ ಕತ್ತಲು. ಫ್ಲ್ಯಾಶ್ ಹಾಕಿದರೆ ತಾವು ಪಕ್ಕದ ತೋಟದಲ್ಲಿ. ಆದ್ದರಿಂದ ತಾವು ದಯಮಾಡಿ ಅರ್ಧ ಗಂಟೆ ಮೊದಲೇ ಹಾರಬೇಕೆಂದೂ, ಅದು ಗೌರವಕ್ಕೆ ಕುಂದೆನಿಸಿದರೆ ಮುಳುಗಿದ ಮೇಲೂ ತುಸು ಬೆಳಕು ಬಿಟ್ಟುಹೋಗುವಂತೆ ಸೂರ್ಯನನ್ನಾದರೂ ಒಪ್ಪಿಸಬೇಕೆಂದೂ ಕೋರುತ್ತೇನೆ.

ಮೊನ್ನೆ ಬೇರೆ ದಾರಿ ಕಾಣದೆ ತೋಟದಲ್ಲೇ ಚಾಪೆ ಹಾಸಿದೆ. ಚಿಟ್ಟೆ ಬಂದರೆ ಇಲ್ಲಿ ಒತ್ತಿ ಎಂದು ರಂಗರಾಜು ಕೈಗೆ ಮೊಬೈಲ್ ಕೊಟ್ಟಿದ್ದೆ. ನಮಾಜಿನ ಕೊನೆಗೆ ಮಂಡಿಯೂರಿ ಕೂತಿದ್ದಾಗ ಟೋಪಿಯ ಮೇಲೆ ಏನೋ ಇಳಿದಂತಾಯಿತು. ತಾವೇ ಎಂದು ತಿಳಿಯಿತು. ಅಲ್ಲಾಡುವಂತಿಲ್ಲ, ಕೈ ಎತ್ತುವಂತಿಲ್ಲ, ಅಳುವೇ ಬಂತು. ನಮಾಜು ಮುಗಿಸಲು ಕತ್ತು ಬಲಕ್ಕೆ ತಿರುಗಿಸಿದೊಡನೆ ತಾವು ಹೊರಟುಹೋದಿರಿ. ಇಡೀ ತೋಟದಲ್ಲಿ ತಮ್ಮನ್ನು ನೋಡದೆ ಉಳಿದವನು ನಾನೊಬ್ಬನೇ.

ರಂಗರಾಜು ತೆಗೆದ ಫೋಟೋದಲ್ಲಿ ಟೋಪಿ ಸ್ಪಷ್ಟವಾಗಿತ್ತು, ತಾವು ಕಂದು ಮಚ್ಚೆಯಾಗಿದ್ದಿರಿ. ಕೊಟ್ಟ ಮಾತಿನಂತೆ ನಾನೇ ಪಂಪನ್ನು ಹೆಗಲಿಗೇರಿಸಿದೆ. ಅಷ್ಟರಲ್ಲಿ ಎಲ್ಲವನ್ನೂ ನೋಡುತ್ತಿದ್ದ ಅವರ ತಾಯಿ ಹೊಂಬಾಳಮ್ಮ ಬಂದು ಪಂಪಿನ ಪಟ್ಟಿ ಹಿಡಿದು ಇಳಿಸಿದರು. “ನಮಾಜು ಮಾಡೋರ ತಲೆ ಮ್ಯಾಲೆ ಬಂದು ಕುಂತಿತ್ತು ಕಣ್ಲಾ. ಅದಕ್ಕೆ ಔಷ್ದಿ ಹೊಡಿಬ್ಯಾಡ” ಎಂದು ಮಗನಿಗೆ ಹೇಳಿದರು. ರಂಗರಾಜು ಪಂಪನ್ನು ಒಯ್ದು ಶೆಡ್ಡಿನಲ್ಲಿಟ್ಟರು.

ಆ ಟೋಪಿಯನ್ನು ಇನ್ನೂ ಒಗೆಯಲು ಹಾಕದಿರುವ,

ತಮ್ಮ ವಿಶ್ವಾಸಿ,
ಉಮರ್ ಫಾರೂಖ್

ಮರೆತ ಮಾತು: ಆ ಫೋಟೋವನ್ನು ಚಿಟ್ಟೆ ಗುರುತಿಸುವವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದೆ. ಟೋಪಿಗೆ ಅಂಟಿರುವುದು ಒಣಗಿದ ತೆಂಗಿನ ಗರಿಯ ಚೂರು ಎಂದು ಅಲ್ಲಿನ ಪಂಡಿತರೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದಾರೆ. ನಾನು ಆಕ್ಷೇಪಿಸಲಿಲ್ಲ. ತಮಗೇನಾದರೂ ಆಕ್ಷೇಪಣೆಯಿದ್ದಲ್ಲಿ ಹಗಲು ಹೊತ್ತಿನಲ್ಲಿ ಖುದ್ದಾಗಿ ಹಾಜರಾಗತಕ್ಕದ್ದು.