ಎಲ್ಲರೂ ಓದುವವರೆಗೆ ಬಾಗಿಲು ತೆರೆಯದು

"ಇನ್ನು ಈ ಐಸ್ ಪ್ಲಾಂಟಿನಲ್ಲಿ 'ನಾನು ಮೆಸೇಜ್ ನೋಡ್ಲೇ ಇಲ್ಲ' ಅಂತ ಹೇಳುವ ಒಂದು ಜನ ಸಿಕ್ಕಲಿಕ್ಕಿಲ್ಲ!"

ಹೀಗೆ ಘೋಷಿಸಿದ ವಾಮನ ಭಾವ, ಕೋಲ್ಡ್ ರೂಮಿನ ಬಾಗಿಲ ಪಕ್ಕ ಗೋಡೆಗೆ ಬಿಗಿದಿದ್ದ ಹಸಿರು ಡಬ್ಬಿಯ ಮೇಲಿನ ಟವೆಲನ್ನು ಸರಕ್ಕನೆ ಎಳೆದರು. ವಾಮನ ಭಾವ ಎಂದರೆ ನನ್ನ ಗಂಡನ ಅಣ್ಣ. ಮಲ್ಪೆಯಲ್ಲಿ ದೋಣಿಗಳು ಮೀನು ಇಳಿಸುವ ದಕ್ಕೆಯ ಹಿಂದಿರುವ ನಮ್ಮ ಐಸ್ ಪ್ಲಾಂಟಿನಲ್ಲಿ ಆಫೀಸಿನ ಕೆಲಸ ನನ್ನದು, ಯಂತ್ರಗಳ ಕೆಲಸ ಅವರದು. ಯಂತ್ರ ಕೆಟ್ಟಾಗ ರಿಪೇರಿ ಮಾಡುತ್ತಾರೆ. ಕೆಡದಿದ್ದರೆ ಹೊಸತು ಕಂಡುಹಿಡಿಯುತ್ತಾರೆ. ನನಗೆ ಹೆದರಿಕೆಯಾಗುವುದು ಎರಡನೆಯದಕ್ಕೇ.

ಡಬ್ಬಿಯ ಹೆಸರು 'ಒಗ್ಗಟ್ಟು'. ಅದೇ ಹೆಸರಿನ ಆ್ಯಪನ್ನು ಬೆಳಿಗ್ಗೆಯೇ ನಮ್ಮೆಲ್ಲರ ಮೊಬೈಲಿಗೆ ತುಂಬಿಸಿದ್ದರು. ಮೊದಲು ಹೆಸರು ಹಾಕಬೇಕು, ಆಮೇಲೆ ಮುಖ ತೋರಿಸಬೇಕು. ಐಸ್ ಹೊರುವ ದೇಜಪ್ಪನ ಮೀಸೆಯನ್ನು ಅದು ಬ್ರಷ್ ಎಂದು ತಿಳಿದು ಸತಾಯಿಸಿತು. ಮೀನು ಆರಿಸುವ ಬೇಬಿಯಕ್ಕ, "ನನ್ನ ಮುಖ ಅದಕ್ಕೆ ಎಂತಕ್ಕೆ? ಹೆಣ್ಣು ಕೊಡ್ಲಿಕ್ಕುಂಟಾ?" ಎಂದು ಬೈಯುತ್ತಲೇ ತೋರಿಸಿದರು. ನನ್ನ ಗಂಡ ರಘುರಾಮರೂ ಸೇರಿ ಗುಂಪಿಗೆ ಐದು ಜನ.

"ಡಬ್ಬಿ ಒಂದು ಮೆಸೇಜ್ ಬಿಡ್ತದೆ," ಭಾವ ವಿವರಿಸಿದರು. "ಎಲ್ಲರೂ ಮುಖ ತೋರಿಸಿ ಓದಿ 'ಸರಿ' ಅಂತ ಒತ್ತಬೇಕು. ಒಬ್ಬ ಬಾಕಿ ಇದ್ರೂ ಕೋಲ್ಡ್ ರೂಮಿನ ಬಾಗಿಲು ತೆರೆಯುವುದಿಲ್ಲ! ಬಾ ಯಮುನಾ, ಒಳಗಿಂದ ತೋರಿಸ್ತೇನೆ."

ಮಳೆಗಾಲದ ರಜೆ. ದೋಣಿಗಳೆಲ್ಲ ದಡದಲ್ಲಿ, ದಕ್ಕೆಯಲ್ಲಿ ನರಪಿಳ್ಳೆಯಿಲ್ಲ. ಕೋಲ್ಡ್ ರೂಮಿನಲ್ಲಿ ಉಳಿದದ್ದು ಒಂದಿಷ್ಟು ಮಾಂಜಿ ಮೀನಿನ ಟ್ರೇಗಳು ಮಾತ್ರ. ಒಳಗೆ ಕಾಲಿಟ್ಟ ನಾನು ಬಾಗಿಲ ಹಿಂಬದಿ ನೋಡಿ ಕೇಳಿದೆ, "ಒಳಗಿನ ಹಿಡಿ ಎಲ್ಲಿ ಭಾವಾ?"

"ತೆಗೆದೆ. ಡಬ್ಬಿ ಇರುವಾಗ ಹಿಡಿ ಎಂತಕ್ಕೆ?"

ಅಷ್ಟರಲ್ಲಿ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ನಮ್ಮ ಮೊಬೈಲುಗಳು ಟಿಣ್ ಎಂದವು: 'ಒಗ್ಗಟ್ಟಿಗೆ ಸ್ವಾಗತ!' ನಾನು ಮುಖ ತೋರಿಸಿ 'ಸರಿ' ಒತ್ತಿದೆ. ಭಾವನೂ ಒತ್ತಿದರು. ಬಾಗಿಲು ಮಿಸುಕಲಿಲ್ಲ.

'ನಾಲ್ವರು ಓದಿದ್ದಾರೆ. ರಘುರಾಮ ಓದಿಲ್ಲ.'

ವಯರಿಗೆಂದು ಗೋಡೆಯಲ್ಲಿ ಕೊರೆದ ತೂತಿನಿಂದ ಬೇಬಿಯಕ್ಕನ ಧ್ವನಿ ಬಂತು. "ಯಮುನಕ್ಕಾ! ಯಜಮಾನರ ಮೊಬೈಲು ಇಲ್ಲೇ ಚಾರ್ಜಿಗುಂಟು! ಅವರು ಕುಂದಾಪುರದ ನಿಶ್ಚಿತಾರ್ಥಕ್ಕೆ ಹೋಗಿಯಾಯ್ತು!"

ಅವರು ಬರುವುದು ರಾತ್ರಿಯೂಟ ಮುಗಿಸಿಕೊಂಡು. ಇಲ್ಲಿ ಮೈನಸ್ ಹದಿನೆಂಟು ಡಿಗ್ರಿ. ನಾನು ಕಾಟನ್ ಸೀರೆಯಲ್ಲಿ, ಭಾವ ಅರ್ಧ ತೋಳಿನ ಶರಟಿನಲ್ಲಿ!

"ಫೋನ್ ಮಾಡಿ ಯಾರನ್ನಾದರೂ ಕರೀರಿ!"

"ಆಗುವುದಿಲ್ಲ," ಭಾವನ ಸ್ವರ ಇಳಿದಿತ್ತು. "ಕೆಲಸದ ಹೊತ್ತಲ್ಲಿ ಬೇರೆ ಕಾಲ್ ಬರಬಾರದು, ಹೋಗಬಾರದು ಅಂತ ಆ್ಯಪಿನಲ್ಲೇ ತಡೆದಿದ್ದೇನೆ."

"ಮೈನ್ ಸ್ವಿಚ್ ತೆಗೀಲಾ?" ಬೇಬಿಯಕ್ಕ ಕೂಗಿದರು.

"ತೆಗೀಬೇಡಿ ಮಾರಾಯ್ರೆ!" ಭಾವ ಗೋಡೆಗೆ ಬಾಯಿಟ್ಟು ಅರಚಿದರು. "ಡಬ್ಬಿ ಸತ್ತರೆ ಬೀಗ ಹಾಗೇ ಕೂತುಬಿಡ್ತದೆ! ಕರೆಂಟು ಹೋದಾಗ ಕಳ್ಳರು ಬರಬಾರದು ಅಂತ ನಾನೇ ಮಾಡಿದ್ದು!"

ಹೊರಗೆ ದೇಜಪ್ಪ ಹಾರೆಯಿಂದ ಬಾಗಿಲಿಗೆ ಕುಟ್ಟಿದ. ಹಾರೆ ಬಗ್ಗಿತು. ಗಾಬರಿಯಲ್ಲಿ ಅವನು ಗುಂಪಿನಲ್ಲೇ ಬರೆದ: 'ಎಂತ ಮಾಡುದು?' ಅದೂ ಹೊಸ ಮೆಸೇಜ್! ಎಲ್ಲರೂ ಮುಖ ತೋರಿಸಬೇಕು, 'ಸರಿ' ಒತ್ತಬೇಕು. ಬೇಬಿಯಕ್ಕ ಒತ್ತುವ ಬದಲು 'ಸರಿ' ಎಂದು ಬರೆದರು. ಆ 'ಸರಿ'ಗೂ ಎಲ್ಲರೂ 'ಸರಿ' ಎನ್ನಬೇಕಾಯಿತು. ಟಿಣ್! ಟಿಣ್! ಟಿಣ್!

"ಇನ್ನು ಯಾರೂ ಏನೂ ಬರೀಬೇಡಿ!" ನಾನು ಕಿರುಚಿದೆ.

ಟಿಣ್! ದೇಜಪ್ಪ ಬರೆದಿದ್ದ: 'ಸರಿ, ಬರೆಯುದಿಲ್ಲ.'

ಕೈಕಾಲ ಬೆರಳುಗಳ ಅರಿವೇ ಹೋಗಿತ್ತು; ಮರಗಟ್ಟಿದ ಬೆರಳಲ್ಲಿ 'ಸರಿ' ಒತ್ತಿದರೆ ಪರದೆಗೆ ಗೊತ್ತೇ ಆಗುತ್ತಿರಲಿಲ್ಲ. ಉಸಿರು ಬಿಟ್ಟರೆ ಹೊಗೆ. ಭಾವನ ಹುಬ್ಬು ಮೀಸೆಗಳ ಮೇಲೆ ಬಿಳಿ ಹಿಮ ಕೂತಿತ್ತು. ಅವರು ನಡುಗುತ್ತ ಮೊಬೈಲಿಗೆ ಮುಖ ಹಿಡಿದರು. 'ಇವರು ವಾಮನ ಅಲ್ಲ.' ಉಜ್ಜಿಕೊಂಡು ಮತ್ತೆ ಹಿಡಿದರು. 'ಇವರು ವಾಮನ ಅಲ್ಲ.' ಮೂರನೆಯ ಸಲಕ್ಕೆ ಡಬ್ಬಿ ತೀರ್ಪು ಕೊಟ್ಟಿತು: 'ವಾಮನ ಅವರನ್ನು ಗುಂಪಿನಿಂದ ಹೊರಹಾಕಲಾಗಿದೆ.'

"ನಾನೇ ಮಾಡಿದ್ದಲ್ಲವಾ ನಿನ್ನನ್ನು!" ಎಂದು ಗದರಿಸಿದ ಭಾವ ಮೀನಿನ ಟ್ರೇಯ ಮೇಲೆ ಕುಸಿದು ಕೂತರು. ಆಮೇಲೆ ಮಾತಿಲ್ಲ. ಮನೆಯಲ್ಲಿ ಊಟದ ಹೊತ್ತಿಗೂ ಬಾಯಿ ಮುಚ್ಚದ ಮನುಷ್ಯ! ನನಗೆ ನಿಜವಾದ ಭಯ ಹುಟ್ಟಿದ್ದು ಆಗಲೇ. ಅವರ ಕಣ್ಣು ಮೆಲ್ಲನೆ ಮುಚ್ಚುತ್ತಿತ್ತು. ಈ ಚಳಿಯಲ್ಲಿ ನಿದ್ರೆ ಬಂದರೆ ಏಳುವುದಿಲ್ಲವೆಂದು ಐಸಿನವರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಭಾವ, ಹಿರಿಯರು ಎಂದೆಲ್ಲ ನೋಡಲಿಲ್ಲ. ಕೆನ್ನೆಗೆ ಫಟಾರನೆ ಬಿಟ್ಟೆ.

"ಎಂತದ್ದೇ!" ಕಣ್ಣು ಬಿಟ್ಟರು.

"ನಿದ್ರೆ ಮಾಡಿದ್ರೆ ಇನ್ನೊಂದು ಉಂಟು! ಹೇಳಿ, ಹೊರಹಾಕಿದವರು ಓದಬೇಕಾ?"

"ಬೇಡ. ಗುಂಪಲ್ಲಿ ಇರುವವರು ಮಾತ್ರ."

"ಗುಂಪಲ್ಲಿ ಯಾರೂ ಇಲ್ಲದಿದ್ರೆ?"

ಭಾವ ನನ್ನನ್ನೇ ನೋಡಿದರು. ಹಲ್ಲು ಕಟಕಟ ಎನ್ನುತ್ತಿದ್ದರೂ ಮುಖದಲ್ಲಿ ಜೀವ ಬಂತು. "ಓದದವರು ಯಾರೂ ಇಲ್ಲ ಅಂತಾಗ್ತದೆ... ಯಮುನಾ, ಬಾಗಿಲು ತೆರೀತದೆ!"

ನಾನು ತೂತಿಗೆ ಬಾಯಿಟ್ಟು ಕೂಗಿದೆ. "ಬೇಬಿಯಕ್ಕಾ! ಯಜಮಾನರ ಮೊಬೈಲಿಗೆ ದೇಜಪ್ಪನ ಮುಖ ಮೂರು ಸಲ ತೋರಿಸಿ! ಆಮೇಲೆ ನಿಮ್ಮಿಬ್ಬರ ಮೊಬೈಲು ಅದಲುಬದಲು ಮಾಡಿ!"

ಟಿಣ್. ರಘುರಾಮ ಹೊರಗೆ. ಟಿಣ್. ದೇಜಪ್ಪ ಹೊರಗೆ. ಟಿಣ್. ಬೇಬಿಯಕ್ಕ ಹೊರಗೆ, ಗೋಡೆಯಾಚೆಯಿಂದ "ಹಾಳಾಗಿ ಹೋಗು!" ಎಂಬ ಆಶೀರ್ವಾದದ ಸಮೇತ.

ಉಳಿದವಳು ನಾನೊಬ್ಬಳು. ನನ್ನ ಮೊಬೈಲಿನ ಬ್ಯಾಟರಿ ಚಳಿಗೆ ಸೋತು ಕೆಂಪು ಗೆರೆಗೆ ಇಳಿದಿತ್ತು. ಅದು ಆರಿದರೆ ನಾನು ಶಾಶ್ವತವಾಗಿ ಗುಂಪಿನ ಸದಸ್ಯೆ, ಓದದ ಸದಸ್ಯೆ! ಗಡಿಬಿಡಿಯಲ್ಲಿ ಟ್ರೇಯಿಂದ ಒಂದು ಮಾಂಜಿ ಮೀನನ್ನೆತ್ತಿ ಅದರ ಮುಖ ತೋರಿಸಿದೆ.

'ಸ್ವಾಗತ, ಯಮುನಾ!'

"ನನಗೂ ಮೀನಿಗೂ ವ್ಯತ್ಯಾಸ ಗೊತ್ತಿಲ್ವಾ ಇದಕ್ಕೆ!" ಅಳು ಬಂತು ನನಗೆ.

"ಮೂಗಿನ ಹತ್ತಿರ ಸ್ವಲ್ಪ..." ಎಂದು ಭಾವ ಶುರುಮಾಡಿದರು.

"ಬಾಯಿ ಮುಚ್ಚಿ! ಮುಖ ಕೊಡಿ ಇಲ್ಲಿ!" ಅವರ ಗಲ್ಲ ಹಿಡಿದೆತ್ತಿ, ಹಿಮ ಮೆತ್ತಿದ ಆ ಮುಖವನ್ನು ಮೊಬೈಲಿಗೆ ಹಿಡಿದೆ. 'ಇವರು ಯಮುನಾ ಅಲ್ಲ.' ಮತ್ತೆ. 'ಅಲ್ಲ.' ಮೊಬೈಲು ಮಿಣಮಿಣ ಎನ್ನತೊಡಗಿತು. "ದೇವರೇ, ಇನ್ನೊಂದೇ ಸಲ..." 'ಯಮುನಾ ಅವರನ್ನು ಗುಂಪಿನಿಂದ ಹೊರ—'

ಪರದೆ ಕಪ್ಪಾಯಿತು. ಭಾವ ನನ್ನ ಕೈ ಹಿಡಿದುಕೊಂಡರು. ಅವರ ಕೈ ಐಸಿಗಿಂತ ತಣ್ಣಗಿತ್ತು.

ಖಟಕ್!

ಬಾಗಿಲು ತೆರೆಯಿತು. ಸಂಜೆ ಮಳೆಯ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಮಳೆ ಅಷ್ಟು ಬಿಸಿ ಎಂದು ನನಗೆ ಅಂದೇ ಗೊತ್ತಾದದ್ದು. ದೇಜಪ್ಪ ಭಾವನನ್ನು ಹೊತ್ತು ತಂದ. ಬೇಬಿಯಕ್ಕ ನಮ್ಮಿಬ್ಬರನ್ನೂ ಗೋಣಿಚೀಲದಲ್ಲಿ ಸುತ್ತಿ, ಚಹಾ ಕುಡಿಸಿ, ಕಾಲು ತಿಕ್ಕಿದರು. ತಿಕ್ಕುತ್ತ ಅವರೂ ಅತ್ತರು. ನಾನು ಚಹಾದ ಲೋಟ ಹಿಡಿಯಲಾರದೆ ಅರ್ಧ ಚೆಲ್ಲಿದೆ.

ರಾತ್ರಿ ನನ್ನ ಗಂಡ ಹೋಳಿಗೆಯ ಪೊಟ್ಟಣ ಹಿಡಿದುಕೊಂಡು ಬಂದರು. ಗೋಣಿಯಲ್ಲಿ ಕೂತ ನಮ್ಮನ್ನು ನೋಡಿ ಕೇಳಿದರು, "ಎಂತ? ನನಗೆ ಮೆಸೇಜ್ ಏನಾದ್ರೂ ಇತ್ತಾ?"

ಬೇಬಿಯಕ್ಕ ಅವರ ಕೈಯಿಂದ ಪೊಟ್ಟಣ ಕಿತ್ತುಕೊಂಡರು. ಆಚೆ ಗೋಡೆಯ ಮೇಲೆ ಒಗ್ಗಟ್ಟು ಹಸಿರು ದೀಪ ಮಿಟುಕಿಸುತ್ತ ಕೆಲಸದಲ್ಲಿ ಮುಳುಗಿತ್ತು. ತನ್ನಷ್ಟಕ್ಕೆ ಮೆಸೇಜ್ ಬಿಡುತ್ತಿತ್ತು, ಓದದವರು ಯಾರೂ ಇಲ್ಲವೆಂದು ಕಂಡುಕೊಳ್ಳುತ್ತಿತ್ತು, ಬಾಗಿಲನ್ನು ಖಟಕ್ಕೆಂದು ತೆರೆದು ಮುಚ್ಚುತ್ತಿತ್ತು.

"ನೋಡಿ, ನೋಡಿ!" ಭಾವ ಗೋಣಿಯೊಳಗಿಂದ ಬೆರಳು ತೋರಿಸಿದರು. "ಈಗ ಒಂದು ತಪ್ಪೂ ಇಲ್ಲದೆ ಓಡ್ತಾ ಉಂಟು!"

"ಹೌದು," ಎಂದರು ಬೇಬಿಯಕ್ಕ, ಭಾವನ ಬಾಯಿಗೆ ಹೋಳಿಗೆ ತುರುಕುತ್ತ. "ನಾವು ಯಾರೂ ಇಲ್ಲದಿದ್ರೆ ಅದಕ್ಕೆ ತುಂಬ ಒಗ್ಗಟ್ಟು."