ಮಾರ್ಚ್ ತನಕ ದತ್ತು

ನಮ್ಮ ಸಾಲ್ಯಾಗ ಪಾಠ ಆಗೂದು ಯಾವಾಗರೆ ಒಮ್ಮೆ. ಫಜೀತಿ ಮಾತ್ರ ದಿನಾ ಆಗತೈತಿ, ಸೂಟಿ ಇದ್ದ ದಿನಾನೂ ಬಿಡೂದಿಲ್ಲ. ನಾ ಹುಬ್ಬಳ್ಳಿಯ ಒಂದು ಹೈಸ್ಕೂಲಿನ್ಯಾಗ ಕನ್ನಡ ಮಾಸ್ತರ. ಹಂಗಂತ ಹೇಳ್ಕೊಂಡು ಅಡ್ಡಾಡ್ತೇನಿ ಅಷ್ಟ. ಖರೇ ಹೇಳಬೇಕಂದ್ರ, ನಾವು ಯಾರೂ ಈಗ ಏನೂ ಕಲಸೂದಿಲ್ಲ, ಬರೇ ರಿಸಲ್ಟ್ ತಗೀತೇವಿ.

ಯಾರನ್ನ ಕೇಳಿ ತಗೊಂಡ್ರಿ?

ಹತ್ತನೇ ವರ್ಗದ ರಿಸಲ್ಟ್ ನೂರಕ್ಕ ನೂರು ಬರಬೇಕಂತ ಮ್ಯಾಲಿಂದ ಹುಕುಂ ಬಂತು. ನಮ್ಮ ಹೆಡ್‌ಮಾಸ್ತರು ಮೀಟಿಂಗ್ ಕರದು, "ಅಭ್ಯಾಸದಾಗ ಹಿಂದ ಇದ್ದ ಹುಡುಗೂರನ್ನ ಒಬ್ಬೊಬ್ಬ ಮಾಸ್ತರು ದತ್ತು ತಗೋಬೇಕು" ಅಂದ್ರು. ಅದಕ್ಕ ಹೆಸರ ದತ್ತು ಯೋಜನೆ. ನನ್ನ ಪಾಲಿಗೆ ಕಮರಿಪೇಟಿ ಓಣಿಯ ಒಬ್ಬ ಹುಡುಗಿ ಬಂದ್ಲು, ಗಾಡಿ ಮೆಕ್ಯಾನಿಕ್ ಒಬ್ಬರ ಮಗಳು.

ಮೀಟಿಂಗ್ ಮುಗದ ಮ್ಯಾಲ ಹೆಡ್‌ಮಾಸ್ತರು ನನ್ನ ಬಾಜೂಕ ಕರದು, "ಇಕಿ ನಮ್ಮ ರಿಸಲ್ಟ್ ಕೆಡಸ್ತಾಳ. ಜಿಲ್ಲಾದ ಪೂರ್ವಸಿದ್ಧತಾ ಪರೀಕ್ಷಾದಾಗ ಕನ್ನಡ ಹೋತಂದ್ರ, ಹಾಜರಿ ಕಡಿಮಿ ಐತಂತ ಹೇಳಿ ಹಾಲ್‌ಟಿಕೀಟ ತಡದ ಬಿಡೂಣು" ಅಂದ್ರು.

"ಅಕಿ ದಿನಾ ಬರ್ತಾಳಲ್ರಿ ಸರ್!"

"ತಡಾ ಮಾಡಿ ಬರ್ತಾಳ. ತಡಾ ಅಂದ್ರ ಗೈರುಹಾಜರಿ."

ಏನ್ ಲೆಕ್ಕ ನೋಡ್ರಿ! ಹುಡುಗಿ ಬೆಂಚಿನ ಮ್ಯಾಲ ಕುಂತಾಳ, ಆದ್ರ ಸಾಲಿಗೇ ಬಂದಿಲ್ಲ.

ಮರುವಾರ ವಿಜ್ಞಾನ ಮಾಸ್ತರ ಹುಡುಕ್ಕೋತ ಮುಗದ ಅನ್ನೂ ಹಳ್ಳಿಯಿಂದ ಒಬ್ಬ ಅಜ್ಜಿ ಬಂದ್ಲು. ಅಕಿ ಮೊಮ್ಮಗ ಮನ್ಯಾಗ, "ನನ್ನ ನಮ್ಮ ವಿಜ್ಞಾನ ಸರ್ ದತ್ತು ತಗೊಂಡಾರ" ಅಂತ ಹೇಳಿದ್ದನಂತ. ಅಜ್ಜಿ ಬಾಗಲದಾಗ ನಿಂತ ಜಗಳಾ ಸುರು ಮಾಡಿದ್ಲು: "ಯಾರನ್ನ ಕೇಳಿ ದತ್ತು ತಗೊಂಡ್ರಿ? ನಮ್ಮ ಮನಿತನಕ್ಕ ಇರಾಂವ ಅಂವ ಒಬ್ಬನ ಅದಾನ!"

ವಿಜ್ಞಾನ ಮಾಸ್ತರು ಬೆವತು, "ಯವ್ವಾ, ಹಂಗಲ್ಲ. ಬರೇ ಮಾರ್ಚ್ ತನಕ. ಪರೀಕ್ಷಾ ಮುಗದ ಮ್ಯಾಲ ನಿಮ್ಮ ಹುಡುಗ ನಿಮಗ" ಅಂದ್ರು.

ಅಜ್ಜಿ ಒಂದೀಟ ವಿಚಾರ ಮಾಡಿ ತಣ್ಣಗ ಹೇಳಿದ್ಲು: "ಹಂಗಾರ ಇಟ್ಕೋರ್ರಿ. ಆದ್ರ ಮೊದಲ ಹೇಳಿಬಿಡತೇನಿ, ರೊಟ್ಟಿ ಭಾಳ ತಿಂತಾನ."

ಮುಂಜಾನಿ ಫೋನು

ದತ್ತು ತಗೊಂಡವ್ರ ಕರ್ಮ ಅಲ್ಲಿಗೇ ಮುಗೀಲಿಲ್ಲ. ಹುಡುಗೂರು ಓದಾಕ ಎದ್ದಾರೋ ಇಲ್ಲೋ ಅಂತ ಬೆಳಕ ಹರಿಯೂದ್ರಾಗ ಮನಿಗೆ ಫೋನ್ ಮಾಡಿ ಕೇಳಬೇಕಂತ. ನನ್ನ ಹೆಣ್ತಿ, "ನಮ್ಮ ಮಕ್ಕಳನ್ನ ಒಂದ ದಿನಾನೂ ಎಬ್ಬಿಸಿದವರಲ್ಲ" ಅಂತ ಬೈಕೋತ ಮಗ್ಗಲಾ ಬದಲಿಸಿದ್ಲು. ನಾ ಆ ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿದ್ನಿ.

ಅತ್ತಾಗಿಂದ, "ಎಲ್ಲಿ ಬಂದ್ ಬಿದ್ದೈತ್ರಿ ಗಾಡಿ?" ಅಂತ ದನಿ ಬಂತು.

"ಗಾಡಿ ಅಲ್ರಿ, ನಾ ಕನ್ನಡ ಮಾಸ್ತರ. ಮಗಳು ಎದ್ದಾಳೇನ್ರಿ?"

"ಎದ್ದ ಭಾಳ ಹೊತ್ತಾತ್ರಿ ಸರ್. ನಳಾ ಬಂದೈತಿ, ನೀರ ತುಂಬಾಕತ್ತಾಳ. ಇವತ್ತ ಒಂದೀಟ ತಡಾ ಬರ್ತಾಳ, ಸಂಭಾಳಸ್ರಿ."

"ಪರೀಕ್ಷಾ ಹತ್ರ ಬಂತಲ್ರಿ. ತಡಾ ಬಂದ್ರ ಹಾಜರಿ ಕಡಿಮಿ ಅಂತ ಪರೀಕ್ಷಾಕ್ಕ ಕೂಡಸೂದಿಲ್ಲ ಅಂತಾರ. ಮೊದಲ ಓದ್ಲಿ, ನೀರ ಆಮ್ಯಾಲ ತುಂಬಿದ್ರಾತು" ಅಂತ ನಾ ಶ್ಯಾಣ್ಯಾತನ ಮಾಡಿದ್ನಿ.

ಆ ಮನಶ್ಯಾ ಭಾಳ ಸಮಾಧಾನದಾಗ ಕೇಳಿದ್ರು: "ಸರ್, ನಿಮ್ಮ ಪರೀಕ್ಷಾ ಒಮ್ಮೆ ತಪ್ಪಿದ್ರ ಎರಡನೇದು, ಮೂರನೇದು ಐತಂತಲ್ರಿ? ನಳಾಕ್ಕ ಹಂಗೇನ ವ್ಯವಸ್ಥಾ ಮಾಡ್ಯಾರೇನ್ರಿ?"

ಪಾಸಿಂಗ್ ಪ್ಯಾಕೇಜು

ಪುಸ್ತಕ ಯಾರಿಗೆ ಬೇಕಾಗೇತಿ ಈಗ? ಅದರ ರಸಾ ಹಿಂಡಿ, ಇಷ್ಟ ಬಾಯಿಪಾಠ ಮಾಡಿದ್ರ ಸತ್ತರೂ ನಪಾಸ ಆಗೂದಿಲ್ಲ ಅನ್ನೂವಂಥ ನಾಕ ಹಾಳಿ ಮಾಡ್ತಾರ. ಅದಕ್ಕ ಪಾಸಿಂಗ್ ಪ್ಯಾಕೇಜ್ ಅಂತಾರ. ನಾ ಒಂದ ದಿನ ತಡೀಲಾರದ ಪದ್ಯದ ಅರ್ಥ ಹೇಳಾಕ ಹೋದ್ನಿ. ಮುಂದಿನ ಬೆಂಚಿನ ಶ್ಯಾಣ್ಯಾ ಎದ್ದು, "ಸರ್, ಇದು ಪ್ಯಾಕೇಜಿನ್ಯಾಗ ಇಲ್ರಿ, ಸುಮ್ನ ಯಾಕ ತ್ರಾಸ ತಗೋತೀರಿ?" ಅಂದ. ನನ್ನ ಮ್ಯಾಲ ಅವನಿಗೆ ಎಷ್ಟ ಕಾಳಜಿ!

ಪ್ಯಾಕೇಜಿನ್ಯಾಗ ಪತ್ರ ಒಂದ. ತಂದೆಗೆ. ಪ್ರವಾಸಕ್ಕ ಅಪ್ಪಣಿ ಕೇಳೂದು. ಇಡೀ ವರ್ಗ ಮಗ್ಗಿ ಹೇಳಿದಂಗ ಹೇಳಾಕತ್ತಿತ್ತು: "ತೀರ್ಥರೂಪರಾದ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು." ಕಮರಿಪೇಟಿ ಹುಡುಗಿ ಮಾತ್ರ ಬಾಯಿ ಬಿಡಲಿಲ್ಲ.

"ಯಾಕವಾ, ನೀ ಯಾಕ ಹೇಳವಲ್ಲಿ?"

"ಸರ್, ನಮ್ಮ ಅಬ್ಬಾ ದಿನಾ ಮನ್ಯಾಗ ಇರ್ತಾರ. ಅವ್ರಿಗೆ ಪತ್ರ ಯಾಕ ಬರೀಬೇಕ್ರಿ? ಹೇಳೂದಿದ್ರ ಬಾಯಿಲೇ ಹೇಳ್ತೇನಿ."

ಎಲ್ಲಾರ ತೀರ್ಥರೂಪರು

ಪೂರ್ವಸಿದ್ಧತಾ ಪರೀಕ್ಷಾ ಬಂತು. ಪ್ರಶ್ನಪತ್ರಿಕಿ ಜಿಲ್ಲಾದಿಂದ ಬಂದದ್ದು, ನಮ್ಮ ಪ್ಯಾಕೇಜಿನ ಗುರ್ತ ಅದಕ್ಕಿಲ್ಲ. ಪತ್ರದ ಪ್ರಶ್ನಿ ಹಿಂಗಿತ್ತು: ನಿಮ್ಮ ಓಣಿಗೆ ಸರಿಯಾಗಿ ನೀರು ಬಿಡುವಂತೆ ಮಹಾನಗರ ಪಾಲಿಕೆ ಆಯುಕ್ತರಿಗೆ ಪತ್ರ ಬರೆಯಿರಿ.

ಉತ್ತರಪತ್ರಿಕಿ ತಿದ್ದಾಕ ಕುಂತ್ನಿ. ಮೊದಲನೇದು ತಗದ್ರ: "ತೀರ್ಥರೂಪರಾದ ಆಯುಕ್ತರಿಗೆ, ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ನಮ್ಮ ಶಾಲೆಯಿಂದ ಪ್ರವಾಸ ಹೊರಟಿದ್ದಾರೆ, ಅಪ್ಪಣೆ ಕೊಡಬೇಕು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿರಿ." ಎರಡನೇದೂ ಅದ. ಮೂರನೇದೂ ಅದ. ಆ ಶ್ಯಾಣ್ಯಾನೂ ಅದನ್ನ ಬರದಿದ್ದ, ಅಕ್ಷರ ಮಾತ್ರ ದುಂಡಗ.

ಕಡೀಕ ಕಮರಿಪೇಟಿ ಹುಡುಗಿದು ಸಿಕ್ತು. ಒಕ್ಕಣಿಕಿ ಇಲ್ಲ, ನಮಸ್ಕಾರ ಇಲ್ಲ, ವ್ಯಾಕರಣ ಅಂತೂ ದೇವರಿಗೇ ಪ್ರೀತಿ. "ಸಾಹೇಬ್ರ, ನಮ್ಮ ಓಣ್ಯಾಗ ನಳಾ ಯಾವಾಗ ಬರತೈತಂತ ನಳಾ ಬಿಡಾಂವಗೂ ಗೊತ್ತಿಲ್ಲ. ನೀರ ಬಂದ ದಿನ ನಾ ಸಾಲಿಗೆ ತಡಾ ಹೋಗ್ತೇನಿ. ಹಾಜರಿ ಕಡಿಮಿ ಐತಿ, ಪರೀಕ್ಷಾಕ್ಕ ಕೂಡಸೂದಿಲ್ಲ ಅಂತಾರ. ಹಾಜರಿ ಕಡಿಮಿ ಇರೂದು ನಂದಲ್ರಿ, ನಿಮ್ಮ ನೀರಿಂದು."

ನನಗ ಕಣ್ಣಾಗ ನೀರ ಬಂತು. ಇಷ್ಟ ವರ್ಷದಾಗ ಒಬ್ಬರರೆ ತಮ್ಮ ಮಾತು ಬರದ್ರಲ್ಲಾ ಅಂತ ಖುಷಿ ಆಗಿ ಪತ್ರಕ್ಕ ಪೂರಾ ಮಾರ್ಕ್ ಹಾಕಿದ್ನಿ. ಕನ್ನಡ ಪಾಸಾತು.

ಹೆಡ್‌ಮಾಸ್ತರು ಕೆಂಡದಂಥ ಸಿಟ್ಟಿಲೆ ಬಂದ್ರು. "ಇದು ಮಾದರಿ ಉತ್ತರದಾಗ ಇಲ್ಲ, ಸೊನ್ನಿ ಹಾಕ್ರಿ. ಉಳಿದವ್ರಿಗೆ ನಮಸ್ಕಾರಕ್ಕೊಂದು, ಕ್ಷೇಮಕ್ಕೊಂದು ಮಾರ್ಕ್ ಕೊಟ್ಟ ಪಾಸ್ ಮಾಡ್ರಿ!"

ನಾನೂ ಬಿಡಲಿಲ್ಲ. "ಹಂಗ ಆಗ್ಲಿರಿ ಸರ್. ನಮ್ಮಿಬ್ಬರ ತಕರಾರ ಯಾಕ? ಎಲ್ಲಾ ಪತ್ರ ಖರೇನ ಆಯುಕ್ತರಿಗೇ ಕಳಸೂಣು. ಯಾರಿಗೆ ಎಷ್ಟ ಮಾರ್ಕ್ ಅಂತ ಅವರ ಹೇಳ್ಲಿ."

ಹೆಡ್‌ಮಾಸ್ತರ ಮಾರಿ ಸುಣ್ಣದಂಗ ಆತು. ಕುರ್ಚಿ ಎಳಕೊಂಡ ಕುಂತು, ಒಂದ ಗುಟುಕ ನೀರ ಕುಡದು, "ಅಕಿ ಹಾಜರಿ ಇನ್ನೊಮ್ಮೆ ನೋಡಿದ್ನಿ, ಭರಪೂರ ಐತಿ. ಹಾಲ್‌ಟಿಕೀಟ ಕೊಟ್ಟಬಿಡ್ರಿ" ಅಂದ್ರು. ನಾ ಅಲ್ಲೇ ನಿಂತು, ಅಕಿನ್ನ ಕರಿಸಿ ಕೈಗೆ ಕೊಡಿಸಿದ್ನಿ.

ಅಷ್ಟರಾಗ ವಿಜ್ಞಾನ ಮಾಸ್ತರು ಬಂದು, "ನನ್ನ ದತ್ತು ಹುಡುಗಂದು ಏನಾತ್ರಿ?" ಅಂತ ಕೇಳಿದ್ರು.

"ನಿಮ್ಮ ಜವಾಬ್ದಾರಿ ಮುಗೀತ್ರಿ ಸರ್" ಅಂದ್ನಿ. "ಕಮರಿಪೇಟಿ ಹುಡುಗಿ ಒಬ್ಬಾಕಿನ್ನ ಬಿಟ್ಟು ಇಡೀ ವರ್ಗ ಪಾಲಿಕಿ ಆಯುಕ್ತರಿಗೆ ದತ್ತು ಹೋಗೇತಿ. ಅವ್ರಿಗೆ ಒಂದ ಮಾತ ತಿಳಿಸಿಬಿಡ್ರಿ, ಮುಗದದ ಹುಡುಗ ರೊಟ್ಟಿ ಭಾಳ ತಿಂತಾನ."