ಬೀಗರು ಮೊದಲು

ಯಾವುದನ್ನೂ ಪರೀಕ್ಷೆ ಮಾಡದೆ ಒಪ್ಪಿಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಇದು ಗುಣ ಎಂದು ನಾನು, ರೋಗ ಎಂದು ನನ್ನ ಹೆಂಡತಿ ಶಾರದಾ, ಮದುವೆಯಾದಾಗಿನಿಂದ ವಾದ ಮಾಡುತ್ತಲೇ ಇದ್ದೇವೆ. ತಪ್ಪು ನನ್ನದಲ್ಲ, ನೌಕರಿಯದು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ಜೀವಮಾನವೆಲ್ಲ ಅಂಗಡಿಕಾರರ ತಕ್ಕಡಿಯನ್ನು ಅನುಮಾನಿಸಿದವನು ಮನೆಗೆ ಬಂದೊಡನೆ ಲೋಕವನ್ನು ನಂಬಿಬಿಡು ಎಂದರೆ ಹೇಗೆ ನಂಬಿಯಾನು? ಕಾಗದಪತ್ರದಲ್ಲಿ ನಮ್ಮೂರು ಇನ್ನೂ ಗುಲಬರ್ಗಾ ಎಂದೇ ಇದ್ದ ಕಾಲ ಅದು. ಮೋಮಿನಪುರದಲ್ಲಿ ಗಡಿಗೆ ಮಾರುವ ಒಬ್ಬ ಮುದುಕನ ಹತ್ತಿರ ಹನ್ನೆರಡು ಗಡಿಗೆ ಬಡಿದು ನೋಡಿ, ಹದಿಮೂರನೆಯದನ್ನು ಒಡೆದು, "ನೋಡ್ರಿ ಚಾಚಾ, ಇದು ಗಟ್ಟಿ ಇರಲಿಲ್ಲ" ಎಂದು ಅವನಿಗೇ ತೋರಿಸಿದವನು ನಾನು. "ಗಟ್ಟೀನೇ ಇತ್ತು ಸಾಬ್, ನಿಮ್ಮ ಕೈ ಅದಕ್ಕಿಂತ ಗಟ್ಟಿ ಅದ" ಎಂದ ಅವನು. ಶರಣಬಸವೇಶ್ವರ ಗುಡಿಯ ಮುಂದೆ ಕಾಯಿ ಕೊಳ್ಳುವಾಗ ನಾನು ಒಂದೊಂದನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದನ್ನು ಕಂಡು ಶಾರದಾ ದೂರ ಹೋಗಿ ಬೇರೆಯವರ ಹೆಂಡತಿಯಂತೆ ನಿಲ್ಲುತ್ತಾಳೆ.

ಇಂಥವನಿಗೆ ದೇವರು ಒಬ್ಬ ಮಗಳನ್ನು ಕೊಟ್ಟು, ಅವಳಿಗೆ ಗಂಡು ಹುಡುಕುವ ಕೆಲಸವನ್ನೂ ಕೊಟ್ಟ. ನಮ್ಮ ಸುಜಾತಾ ಜೇವರ್ಗಿ ಕಾಲೋನಿಯ ಮನೆಯ ಹತ್ತಿರವೇ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಏಳು ಹುಡುಗರನ್ನು ನಾನು ಬೇಡವೆಂದೆ. ಒಬ್ಬ ಕೂತಲ್ಲಿ ಕಾಲು ಕುಣಿಸುತ್ತಿದ್ದ. ಇನ್ನೊಬ್ಬನ ಕೈಗಡಿಯಾರ ಐದು ನಿಮಿಷ ಮುಂದಿತ್ತು, ಕೇಳಿದರೆ ಗೊತ್ತಿದೆ ಎಂದ. ಗೊತ್ತಿದ್ದೂ ತಪ್ಪು ಅಳತೆ ಇಟ್ಟುಕೊಂಡವನಿಗೆ ಮಗಳನ್ನು ಕೊಡುವುದೆ? ಉಳಿದವರ ದೋಷಗಳು ಈಗ ನೆನಪಿಲ್ಲ, ಆದರೆ ಇದ್ದೇ ಇದ್ದವು.

ಎಂಟನೆಯವನು ಕಮಲಾಪುರದ ಮಹೇಶ. ತಂದೆ ಶಿವಶರಣಪ್ಪನವರದು ಕೆಂಪು ಬಾಳೆಯ ತೋಟ. ಹೆಣ್ಣು ನೋಡಲು ಬಂದಾಗ, "ಹುಡುಗ ಅರಣ್ಯದಾಗ ನೌಕರಿ ಮಾಡ್ತಾನ್ರಿ" ಎಂದರು ಶಿವಶರಣಪ್ಪ. ಅರಣ್ಯ ಇಲಾಖೆಯೇ ಎಂದು ಕೇಳಿದೆ. ಅವರು ನೀರಿನ ಲೋಟ ಎತ್ತಿ ನಿಧಾನವಾಗಿ ಕುಡಿಯತೊಡಗಿದರು. ಹುಡುಗನೇ ಬಾಯಿಬಿಟ್ಟ.

"ಇಲ್ರಿ ಸರ. ಘಟ್ಟದ ಕಾಡಿನ್ಯಾಗ ಒಂದು ಖಾಸಗಿ ಕ್ಯಾಂಪ್ ಅದ. ಈ ಗಿಡದಿಂದ ಆ ಗಿಡಕ್ಕ ಉಕ್ಕಿನ ತಂತಿ ಕಟ್ಟ್ಯಾರ. ಬಂದ ಮಂದಿಗಿ ಪಟ್ಟಿ ಕಟ್ಟಿ, ರಾಟಿಗಿ ಸಿಗಿಸಿ, ತಂತಿ ಮ್ಯಾಲ ಜಾರಿಸ್ತೀವಿ. ಜಿಪ್ ಲೈನ್ ಅಂತಾರ್ರಿ. ನಾ ಅಲ್ಲಿ ಗೈಡ್."

ಚುರುಮುರಿ ಸೂಸಲಾದ ತಟ್ಟೆ ಹಿಡಿದು ಬರುತ್ತಿದ್ದ ಶಾರದಾ ಬಾಗಿಲಲ್ಲೇ ನಿಂತಳು. "ಜಾರಿಸಿದ ಮ್ಯಾಲ?" ಎಂದೆ ನಾನು.

"ಆ ಕಡಿ ಹಿಡ್ಕೋತೀವ್ರಿ."

ಸುಜಾತಾ ನಕ್ಕುಬಿಟ್ಟಳು. ಏಳು ಹುಡುಗರ ಮುಂದೆ ಚಾಪೆಯ ಅಂಚು ನೋಡುತ್ತಾ ಕೂತವಳು ಎಂಟನೆಯವನ ಮುಂದೆ ತಲೆ ಎತ್ತಿ ನಕ್ಕಳು. ತಂದೆಯಾದವನಿಗೆ ಅಷ್ಟು ಸಾಕಿತ್ತು. ಇನ್‌ಸ್ಪೆಕ್ಟರಿಗೆ ಸಾಕಾಗಲಿಲ್ಲ.

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವುದು ನಮ್ಮಲ್ಲಿ ಪದ್ಧತಿ. ಕಮಲಾಪುರಕ್ಕೆ ಹೋಗಿ ಮನೆ ನೋಡಿದೆ, ಬಾವಿಗೆ ಬಗ್ಗಿ ನೋಡಿದೆ, ಬಾಗಿಲು ತೆಗೆದು ಹಾಕಿ ನೋಡಿದೆ, ತೋಟದಲ್ಲಿ ಎರಡು ಬಾಳೆಗೊನೆ ಎತ್ತಿ ಕೈಯಲ್ಲೇ ತೂಗಿದೆ. ಎಲ್ಲವೂ ಸರಿಯಿತ್ತು, ಅದೇ ನನಗೆ ಸರಿಬರಲಿಲ್ಲ. "ಮನಿ ನೋಡಿದಂಗ ನೌಕರೀನೂ ನೋಡಬೇಕಲ್ರಿ" ಎಂದೆ. ಶಿವಶರಣಪ್ಪನವರ ಮುಖ ಸ್ವಲ್ಪ ಬಾಡಿತು. "ನಾನೂ ನೋಡಿಲ್ರಿ. ಜೋಡಿಲೆ ಹೋಗೋಣು" ಎಂದರು.

ಹೊರಡುವ ದಿನ ಸುಜಾತಾ ನನ್ನ ಚೀಲಕ್ಕೆ ರೊಟ್ಟಿ, ಶೇಂಗಾ ಹಿಂಡಿ ತುಂಬುತ್ತಾ, "ಅಪ್ಪಾ, ನೀವು ಹೂಂ ಅಂದ್ರ ಹೂಂ. ಉಹೂಂ ಅಂದ್ರ..." ಎಂದವಳು ಅಲ್ಲಿಗೇ ನಿಲ್ಲಿಸಿ ಚೀಲದ ಬಾಯಿ ಕಟ್ಟಿದಳು. ಏಳು ಸಲ 'ಉಹೂಂ' ಕೇಳಿದ ಹುಡುಗಿ ಎಂಟನೆಯದನ್ನು ಬಾಯಲ್ಲಿ ಪೂರ್ತಿ ಮಾಡಲಾರದೆ ಹೋದಳು. ಆದರೂ ಮಗಳನ್ನು ತಂತಿಗೆ ತೂಗುಹಾಕಲು ಸಾಧ್ಯವೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ರೈಲು, ಬಸ್ಸು, ಕೊನೆಗೆ ಜೀಪು. ದಾರಿಯುದ್ದಕ್ಕೂ ಇಬ್ಬರೂ ಬಾಳೆ, ತೊಗರಿ, ಬಿಸಿಲು ಎಲ್ಲದರ ಬಗ್ಗೆಯೂ ಮಾತಾಡಿದೆವು, ತಂತಿಯೊಂದನ್ನು ಬಿಟ್ಟು. ಕ್ಯಾಂಪಿನಲ್ಲಿ ಮಹೇಶ ಕಾಯುತ್ತಿದ್ದ. ಬೆಟ್ಟದ ನೆತ್ತಿಯಿಂದ ಕಣಿವೆಯ ತನಕ ಬರೀ ಮರ. ನಮ್ಮ ಕಡೆಯ ಕಣ್ಣಿಗೆ ಅಷ್ಟೊಂದು ಹಸಿರು ಒಮ್ಮೆಗೇ ದಕ್ಕುವುದಿಲ್ಲ. ದೂರದಿಂದ ನೋಡಿ ವಾಪಸು ಹೋಗಬಹುದು ಎಂದು ನಾನಂದುಕೊಂಡಿದ್ದೆ. ಅಷ್ಟರಲ್ಲಿ ಶಿವಶರಣಪ್ಪನವರು ಮರ್ಯಾದೆಗೆಂದು, "ಇಲ್ಲಿತನಾ ಬಂದೀರಿ, ಹತ್ತಿ ನೋಡ್ರಿ" ಎಂದರು. ನಾನು ಮರ್ಯಾದೆಗೆಂದು, "ನೀವು ಹತ್ತಿದ್ರ ನಾನೂ ಹತ್ತೇನಿ" ಎಂದೆ. ಹೀಗೆ ಮರ್ಯಾದೆಯ ಕಾಲಿಗೆ ಬಿದ್ದು ಇಬ್ಬರೂ ಕೆಟ್ಟೆವು.

ಅಲ್ಲಿ ಮೊದಲು ಮನುಷ್ಯನನ್ನು ತೂಗುತ್ತಾರೆ. ಒಂದು ಮಿತಿ ದಾಟಿದವರನ್ನು ತಂತಿಗೆ ಹಾಕುವುದಿಲ್ಲ. ನನ್ನ ಹೊಟ್ಟೆಯ ಮೇಲೆ ನನಗೆ ಭರವಸೆಯಿತ್ತು. ತೂಕದ ಕಾಟಾದ ಮೇಲೆ ನಿಂತೆ. ಮುಳ್ಳು ಮಿತಿಯ ಈಚೆಗೇ ನಿಂತಿತು. "ಈ ಕಾಟಾ ತಪ್ಪು ತೋರಸ್ಲಾಕತ್ತದ" ಎಂದೆ, ಅಧಿಕಾರವಾಣಿಯಿಂದ. ಮಹೇಶ ಮೇಜಿನ ಕೆಳಗಿನಿಂದ ಒಂದು ದೊಡ್ಡ ತೂಕದ ಕಲ್ಲು ಎಳೆದು ಕಾಟಾದ ಮೇಲಿಟ್ಟ. "ದಿನಾ ಮುಂಜಾನಿ ಇದನ್ನಿಟ್ಟು ತಪಾಸ್ ಮಾಡ್ತೀನ್ರಿ." ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಕಲ್ಲಿನ ಮೇಲೆ ಇಲಾಖೆಯ ಆ ವರ್ಷದ ಮುದ್ರೆ ಇತ್ತು. ಒಬ್ಬರು ಸರಿಯಾದ ಕಾಟಾ ಇಟ್ಟುಕೊಂಡಿದ್ದಾರೆಂದು ನಾನು ದುಃಖಪಟ್ಟದ್ದು ಇಡೀ ನೌಕರಿಯಲ್ಲಿ ಅದೊಂದೇ ಸಲ.

ಪಟ್ಟಿ ಕಟ್ಟಿದರು, ಹೆಲ್ಮೆಟ್ ಹಾಕಿದರು. ಏಣಿ ಹತ್ತಿಸಿ ಒಂದು ಭಾರೀ ಮರದ ಅಟ್ಟಣಿಗೆಯ ಮೇಲೆ ನಿಲ್ಲಿಸಿದರು. ಎದುರಿಗೆ ತಂತಿ. ಅದರ ಆ ತುದಿ ಕಣಿವೆಯಾಚೆಯ ಮರದಲ್ಲಿ ಕಾಣದಂತಾಗಿತ್ತು. ಅಲ್ಲಿ ಇನ್ನೊಬ್ಬ ಗೈಡ್ ನಿಂತಿದ್ದಾನೆ, ಬಂದವರನ್ನು ಹಿಡಿಯುತ್ತಾನೆ ಎಂದ ಮಹೇಶ. ಕೆಳಗೆ ನೋಡಿದೆ. ನೋಡಬಾರದಿತ್ತು. ನಮ್ಮ ಹಿಂದೆ ಹೊಸದಾಗಿ ಮದುವೆಯಾದ ಒಂದು ಜೋಡಿ ಸರದಿಗೆ ನಿಂತಿತ್ತು.

"ಯಾರು ಮೊದ್ಲ ಹೋಗ್ತೀರಿ?" ಎಂದ ಮಹೇಶ.

ನಮ್ಮ ಕಡೆ ಹುಟ್ಟಿದವನಿಗೆ ಇದರ ಉತ್ತರ ಯಾರೂ ಕಲಿಸಬೇಕಿಲ್ಲ. "ನೀವು ಮೊದ್ಲ ರೀ" ಎಂದೆ ನಾನು. "ಛೆ ಛೆ, ನೀವು ಮೊದ್ಲ ರೀ" ಎಂದರು ಶಿವಶರಣಪ್ಪ. ಬಸ್ಸಿನ ಬಾಗಿಲಲ್ಲಿ, ಊಟದ ಪಂಕ್ತಿಯಲ್ಲಿ, ಚಹಾದ ಅಂಗಡಿಯಲ್ಲಿ ಇಷ್ಟು ದಿನ ಸುಮ್ಮನೆ ಆಡುತ್ತಿದ್ದ ಮಾತಿಗೆ ಅವತ್ತು ಎಂಥ ಜೀವ ಬಂದಿತ್ತೆಂದರೆ, ಇಬ್ಬರೂ ಕೈಮುಗಿದು ಒಬ್ಬರನ್ನೊಬ್ಬರು ಪ್ರಪಾತದ ಕಡೆಗೆ ಆಹ್ವಾನಿಸುತ್ತಿದ್ದೆವು. ಕೊನೆಗೆ ನಾನು ಪದ್ಧತಿಯ ಮೊರೆಹೊಕ್ಕೆ. "ಗಂಡಿನ ಕಡಿಯವರು ನೀವು. ಹೆಣ್ಣಿನ ತಂದಿ ನಿಮ್ಮಕಿಂತ ಮುಂದ ಹೆಜ್ಜಿ ಇಟ್ರ ಮಂದಿ ಏನಂದಾರು?"

ಶಿವಶರಣಪ್ಪ ಒಂದು ಕ್ಷಣ ತತ್ತರಿಸಿದರು. ಆದರೆ ಹೆದರಿಕೆ ಮನುಷ್ಯನನ್ನು ವಕೀಲನನ್ನಾಗಿ ಮಾಡುತ್ತದೆ. "ಹಂಗಲ್ರಿ. ಸಂಬಂಧ ಇನ್ನಾ ನಿಕ್ಕಿ ಆಗಿಲ್ಲ. ಆಗೋತನಾ ನಾನು ನಿಮಗ ಬೀಗ ಅಲ್ಲ, ನೀವು ನನಗ ಅತಿಥಿ. ಅತಿಥಿ ಮೊದ್ಲ!"

ಎಂಥ ಮಾತು! ಕಾನೂನಿನಲ್ಲಿ ಒಂದೇ ಒಂದು ಬಿರುಕಿರಲಿಲ್ಲ. ಹಿಂದಿದ್ದ ಹೊಸ ಮದುವಣಗಿತ್ತಿ ಕಿಸಕ್ಕೆಂದಳು. ಮಹೇಶ ನನ್ನ ರಾಟೆಯ ಕಡೆ ಕೈ ಚಾಚಿದ. ನನ್ನ ಬಾಯಿಂದ, ನನ್ನನ್ನು ಕೇಳದೆಯೇ, ಮಾತು ಹೊರಬಿತ್ತು.

"ನಿಕ್ಕಿ ಆತು! ಈಗಿಂದೀಗ ಆತು! ಸುಜಾತಾ ನಿಮ್ಮ ಮನಿ ಸೊಸಿ. ಇನ್ನ ನೀವು ಬೀಗರು. ಬೀಗರು ಮೊದ್ಲ!"

ಮಹೇಶನ ಕಿವಿ ಕೆಂಪಾದವು. ಶಿವಶರಣಪ್ಪನವರ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ ಸಂಕಟಕ್ಕೋ ಆಗ ತಿಳಿಯಲಿಲ್ಲ. ನನ್ನನ್ನು ಅಪ್ಪಿಕೊಂಡರು, ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಟಣ್ ಎಂದಿತು. "ಬಾಳಿ ಗಿಡ ಹತ್ತೋದಲ್ರಿ, ನೆಲದ ಮ್ಯಾಲ ನಿಂತು ಕೊಯ್ಯೋದು" ಎಂದು ಗೊಣಗುತ್ತಾ ಅಂಚಿಗೆ ಹೋದರು. ಮಗ ತಂದೆಯ ಒಂದೊಂದು ಕೊಂಡಿಯನ್ನೂ ಎಳೆದು ನೋಡಿದ. "ಯಪ್ಪಾ ಶರಣಬಸಪ್ಪಾ!" ಎಂಬ ಕೂಗು ಕಣಿವೆಯ ಉದ್ದಕ್ಕೂ ಹೋಗಿ, ಆ ತುದಿಯಲ್ಲಿ ಜೀವಂತವಾಗಿಯೇ ನಿಂತಿತು.

ಈಗ ನನ್ನ ಸರದಿ. ಏಳು ಹುಡುಗರನ್ನು ಅಳೆದು ಸುರಿದು ಬೇಡವೆಂದವನು ಎಂಟನೆಯವನಿಗೆ, ಬರೀ ಜೀವಭಯದಿಂದ, ಮಗಳನ್ನೇ ಕೊಟ್ಟು ನಿಂತಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಅಂಚಿಗೆ ಹೋಗದೆ ನಾನು ಮರವನ್ನು ತಬ್ಬಿ ಹಿಡಿದದ್ದು ಮಹೇಶನಿಗೂ ಕಂಡಿರಬೇಕು.

"ಮಾವಾರ, ಅಂಜಿಕಿ ಆದ್ರ ಏಣಿ ಇಳಸ್ತೀನಿ" ಎಂದ ಮೆಲ್ಲಗೆ, ಹಿಂದಿನವರಿಗೆ ಕೇಳಿಸದಂತೆ. "ಅಂಜಿದವರನ್ನ ನಾ ಎಂದೂ ನೂಕಿಲ್ಲ. ಕೊಂಡಿ ಸಲ್ಪ ಸಡ್ಲ ಅದ, ಅದಕ್ಕ ಇಳಿಸಿದೆ ಅಂತ ನಮ್ಮಪ್ಪಗ ಹೇಳ್ತೀನಿ."

ಎರಡು ಸಲ ಎಳೆದು ನೋಡಿದ ಕೊಂಡಿ ಅದು. ತನ್ನ ಕೆಲಸದ ಹೆಸರು ಕೆಟ್ಟರೂ ಚಿಂತೆಯಿಲ್ಲ, ನನ್ನ ಮಾನ ಉಳಿಯಲಿ ಎಂದು ಹುಡುಗ ಸುಳ್ಳು ಹೇಳಲು ಸಿದ್ಧನಾಗಿದ್ದ. ತಪ್ಪು ತೂಕವನ್ನು ನಾನು ಮನಸಾರೆ ಮೆಚ್ಚಿದ್ದು ಅಂದೇ. "ಬ್ಯಾಡಪ್ಪ. ಇನ್ನೊಮ್ಮೆ ಎಳದು ನೋಡಿ ಬಿಡು" ಎಂದೆ. ಅವನು ಮತ್ತೆ ಎಳೆದು ನೋಡಿದ, ಸ್ವಲ್ಪವೂ ಬೇಸರಪಡದೆ.

ಮೊದಲ ಅರ್ಧ ದಾರಿ ಕಣ್ಣು ಮುಚ್ಚಿದ್ದೆ, ಅದರ ವರ್ಣನೆ ನನ್ನಲ್ಲಿಲ್ಲ. ಕಣ್ಣು ತೆರೆದಾಗ ಕಾಲ ಕೆಳಗೆ ಮರಗಳ ನೆತ್ತಿ. ಬುಡದಲ್ಲಿ ನಿಂತು ಮರ ನೋಡಿ ಗೊತ್ತಿದ್ದವನಿಗೆ ಅವುಗಳ ತಲೆ ಕಂಡದ್ದು ಅದೇ ಮೊದಲು. ಎಳೆ ಚಿಗುರು, ಒಂದೆರಡು ಹೂವು, ಒಂದು ಕೊಂಬೆಯ ಮೇಲೆ ಬೆಕ್ಕಿನಷ್ಟು ದೊಡ್ಡ ಕೆಂಪು ಅಳಿಲು. ಎಷ್ಟು ಚೆಂದವಿತ್ತೆಂದರೆ ಹೆದರುವುದನ್ನೇ ಮರೆತೆ. ಸುಜಾತಾಗೆ ಇದನ್ನೆಲ್ಲ ದಿನವೂ ನೋಡುವ ಯೋಗ ಬಂತಲ್ಲ ಎಂದು ಅಲ್ಲೇ, ತಂತಿಯ ಮೇಲೇ, ಅಳು ಬಂತು. ಆಚೆ ತುದಿಯಲ್ಲಿ ಬೀಗರು ನನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಇನ್ನೂ ನಾಲ್ಕು ತಂತಿಗಳಿದ್ದವು. ನಾಲ್ಕರಲ್ಲೂ ಬೀಗರನ್ನೇ ಮುಂದೆ ಬಿಟ್ಟೆ. ಪದ್ಧತಿ ಎಂದರೆ ಪದ್ಧತಿ.

ಮನೆಗೆ ಬಂದು ಹೂಂ ಎಂದೆ. ಸುಜಾತಾ ಅಳುತ್ತಾ ನಗುತ್ತಾ ಕಾಲಿಗೆ ನಮಸ್ಕಾರ ಮಾಡಿದಳು. "ಎಲ್ಲಾ ನೋಡೀನೇ ಹೂಂ ಅಂದ್ರಿ ಹೌದಲ್ಲೊ ಅಪ್ಪಾ?" ಎಂದಳು. "ಮತ್ತ? ಇಂಥಾದ್ರಾಗ ಗಡಿಬಿಡಿ ಮಾಡಂಗಿಲ್ಲವಾ" ಎಂದೆ. ಅವಳೀಗ ಘಟ್ಟದ ಬುಡದ ಊರಿನಲ್ಲಿ ಗಣಿತ ಕಲಿಸುತ್ತಾಳೆ, ಸುಖವಾಗಿದ್ದಾಳೆ. ಹಾಗಾಗಿ ಕಾಲೋನಿಯಲ್ಲಿ ನನ್ನ ಬೆಲೆ ಏರಿದೆ. ಯಾರ ಮನೆಯಲ್ಲಿ ಗಂಡು ನೋಡುವುದಿದ್ದರೂ, "ಹುಡುಗನ್ನ ಅಳಿಯೋ ಕಣ್ಣು ನಿಮ್ದು, ಸಲ್ಪ ಬರ್ರಿ" ಎಂದು ಕರೆಯುತ್ತಾರೆ. ನಾನು ಅಲ್ಲವೆನ್ನುವುದಿಲ್ಲ. ಗಂಭೀರವಾಗಿ ಹೋಗಿ ಸೂಸಲಾ ತಿಂದು, ಹುಡುಗನನ್ನು ದಿಟ್ಟಿಸಿ, ವಿಚಾರ ಮಾಡಿ ಹೇಳುತ್ತೇನೆ ಎಂದು ಬರುತ್ತೇನೆ.

ಹೀಗೇ ನಡೆದುಹೋಗುತ್ತಿತ್ತು. ಮೊನ್ನೆ ಕಮಲಾಪುರಕ್ಕೆ ಹೋದಾಗ ಬೀಗರು ತೋಟದಲ್ಲಿ ಬಾಳೆಹಣ್ಣು ಸುಲಿದು ಕೈಗಿಟ್ಟು, ಅತ್ತಿತ್ತ ನೋಡಿ, "ಬೀಗರ, ಒಂದು ಖರೇ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದರು. "ಅವತ್ತು ಗಿಡದ ಮ್ಯಾಲ ನೀವು ಇನ್ನೊಂದು ಗಳಗಿ ಬಾಯಿ ಮುಚ್ಕೊಂಡಿದ್ರ, 'ಈ ಸಂಬಂಧಾನೇ ನಮಗ ಬ್ಯಾಡ' ಅಂದು ನಾ ಏಣಿ ಇಳದು ಹೋಗಾಂವ ಇದ್ದೆ. ಮಾತು ನಾಲಿಗಿ ತುದೀತನಾ ಬಂದಿತ್ತು. ಅಷ್ಟೊತ್ತಿಗಿ ನೀವು ನಿಕ್ಕಿ ಆತು ಅಂದ್ರಿ."

ನನ್ನ ಮಗಳು ಇವತ್ತು ಸುಖವಾಗಿರುವುದು ಅವಳ ಅಪ್ಪ ಒಳ್ಳೆಯ ಪರೀಕ್ಷಕನೆಂದಲ್ಲ, ಆ ಮರದ ಮೇಲಿದ್ದ ಇಬ್ಬರು ಪುಕ್ಕಲರಲ್ಲಿ ಅವನು ಒಂದು ಗಳಿಗೆ ಹೆಚ್ಚು ಪುಕ್ಕಲನಾಗಿದ್ದನೆಂದು.